ಹದಿನೇಳು ಹೆಸರಿನ ಹೊದಿಕೆ

ಫಲಕದಲ್ಲಿ ಎಲ್ಲರ ಹೆಸರೂ ಇತ್ತು. ಇಂಜಿನ್ ಬಿಚ್ಚಿ ಮತ್ತೆ ಜೋಡಿಸಿದ ಮೆಕ್ಯಾನಿಕ್ಕಿನದು, ಹಿಂಬದಿಯ ಮರದ ಹಲಗೆಗಳನ್ನು ಕೂರಿಸಿದ ಬಡಗಿಯದು, ಬಣ್ಣ ಹೊಡೆದವನದು, ಎಲ್ಲೆಲ್ಲೋ ಅಲೆದು ಹಳೆಯ ಟೈರು ಹುಡುಕಿಕೊಂಡು ಬಂದವನದು ಕೂಡ. ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿನಲ್ಲಿ, 'ಹೊದಿಕೆ: ಸ್ಥಳೀಯ' ಎಂದು ಬರೆದಿತ್ತು.

ಆ 'ಸ್ಥಳೀಯ' ಎಂಬವನು ಫಲಕದ ಮುಂದೆ ಕೈಕಟ್ಟಿ ನಿಂತಿದ್ದ. ಯುದ್ಧಕಾಲದ ಮಿಲಿಟರಿ ಲಾರಿಗಳನ್ನು ದುರಸ್ತಿ ಮಾಡಿ ಸಾಲಾಗಿ ನಿಲ್ಲಿಸಿದ್ದ ಪ್ರದರ್ಶನ ಅದು. ಏಳು ಲಾರಿಗೂ ಕ್ಯಾನ್ವಾಸಿನ ಹೊದಿಕೆ ಹೊಲಿದವನು ಅವನೇ. ದೂರದಿಂದ ನೋಡಿದವರಿಗೆ ಮಿಲಿಟರಿ ಲಾರಿ ಎಂದರೆ ಕಾಣುವುದು ಆ ಹೊದಿಕೆಯೇ. ಕಬ್ಬಿಣದ ಕಮಾನುಗಳ ಮೇಲೆ ಒಂದು ಸುಕ್ಕಿಲ್ಲದೆ ಬಿಗಿದು ಕೂತ, ಹಸಿರೂ ಅಲ್ಲದ ಕಂದೂ ಅಲ್ಲದ ಆ ಬಟ್ಟೆ. ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದುದೂ ಅದರೊಳಗೆ ತೂರಿ ಕೂತೇ. ಇಂಜಿನ್ನಿನ ಮುಸುಡಿ ನೋಡಲು ಬಂದವರು ನಾಲ್ಕು ಜನ ಇದ್ದರೇನೋ. ಆ ನಾಲ್ವರಿಗಾಗಿ ಮೆಕ್ಯಾನಿಕ್ಕಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದ್ದರು.

ಜನರ ಬಾಯಲ್ಲೂ ಅವನಿಗೊಂದು ಹೆಸರಿರಲಿಲ್ಲ. ದರ್ಜಿ ಎಂದರೆ ಅಂಗಿ ಹೊಲಿಯುವ ದರ್ಜಿಗಳು ಮೂಗು ಮುರಿಯುತ್ತಿದ್ದರು; ಗುಡಾರದವ ಎಂದರೆ ಇವನು ಮುಖ ಗಂಟು ಹಾಕುತ್ತಿದ್ದ. ಕೊನೆಗೆ ಗೋಣಿ, ಕ್ಯಾನ್ವಾಸು ಹೊಲಿಯುವ ದಪ್ಪ ಸೂಜಿಯ ಹೆಸರೇ ಅವನಿಗೆ ಅಂಟಿಕೊಂಡಿತು: ದಬ್ಬಳ. ಇಪ್ಪತ್ತಾರು ವರ್ಷದಿಂದ ಅವನು ದಬ್ಬಳನೇ. ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಈ ಸಲ ಹೆಂಡತಿಯನ್ನು ಪ್ರದರ್ಶನಕ್ಕೆ ಕರೆತಂದಿದ್ದ; 'ನೋಡ್ತಿರು, ನನ್ನ ಹೆಸರೂ ಹಾಕಿರ್ತಾರೆ' ಎಂದು ದಾರಿಯುದ್ದಕ್ಕೂ ಹೇಳಿದ್ದ. ಅವಳು ಫಲಕವನ್ನು ಕೊನೆಯವರೆಗೂ ಓದಿದಳು. ಆಮೇಲೆ ಏನೂ ಓದದವಳ ಹಾಗೆ, "ಬಿಸಿಲು ಜಾಸ್ತಿ ಆಯ್ತು, ಹೋಗೋಣ್ವಾ?" ಎಂದಳು. ಬೈದಿದ್ದರೆ ವಾಸಿಯಿತ್ತು.

ಏಳು ಲಾರಿಗಳ ಒಡೆಯರನ್ನು, ಅವರ ಮ್ಯೂಸಿಯಮ್ಮಿನ ಕಸ ಗುಡಿಸುವವರಿಂದ ಹಿಡಿದು ಎಲ್ಲರೂ, ಸಾಹೇಬರು ಎನ್ನುತ್ತಿದ್ದರು. ಮಾರನೆಯ ದಿನ ಅವನು ಧೈರ್ಯ ಮಾಡಿ ಅವರನ್ನು ಕೇಳಿಯೇಬಿಟ್ಟ.

"ಹೆಸರಾ?" ಸಾಹೇಬರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೋಡು ದಬ್ಬಳ, ಇಂಜಿನ್ನು ಅಸಲಿ, ಚಾಸಿ ಅಸಲಿ. ನಿನ್ನ ಕೆಲಸ ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ. ಆದ್ರೆ ನಕಲು ನಕಲೇ ಅಲ್ವಾ? ಎಲ್ಲಾದ್ರೂ ಒಂದು ಅಸಲಿ ಹೊದಿಕೆ ಸಿಕ್ಕಿದ್ರೆ ತಂದುಕೊಡು. ಮ್ಯೂಸಿಯಂ ಬಾಗಿಲಲ್ಲೇ ಹಿತ್ತಾಳೆ ಮೇಲೆ ನಿನ್ನ ಹೆಸರು ಕೆತ್ತಿಸ್ತೀನಿ."

ಸಾಹೇಬರು ಅದನ್ನು ತಮಾಷೆಗೆ ಹೇಳಿದ್ದರು. ಅವನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅದಾಗಿ ಎರಡು ತಿಂಗಳಿಗೆ ಟೀಚರಮ್ಮ ಅವನ ಶೆಡ್ಡಿಗೆ ಬಂದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ಅವನ ಹೆಂಡತಿಯೂ ಅವರ ಕೈಕೆಳಗೇ ಓದಿದವಳು. ಅವರ ತಂದೆ ಯುದ್ಧದಲ್ಲಿ ಮಿಲಿಟರಿ ಲಾರಿಯ ಡ್ರೈವರ್ ಆಗಿದ್ದರು. ಯುದ್ಧ ಮುಗಿದು ಹರಾಜು ಹಾಕಿದಾಗ ತಾವೇ ಓಡಿಸಿದ ಲಾರಿಯನ್ನು ತಾವೇ ಕೊಂಡುಕೊಂಡು, ಸಾಯುವವರೆಗೆ ಅದರಲ್ಲೇ ಸರಕು ಹೊತ್ತರು. ಆಮೇಲೆ ಲಾರಿ ಮನೆಯ ಹಿಂದೆ ತುಕ್ಕು ಹಿಡಿಯುತ್ತ ನಿಂತಿತ್ತು. ಈಗ ಟೀಚರಮ್ಮ ಅದನ್ನು ರಿಪೇರಿ ಮಾಡಿಸಿದ್ದರು. ಬಾಡಿಗೆ ಗಾಡಿಯಿಂದ ಇಬ್ಬರು ಇಳಿಸಿದ ದಪ್ಪ ಸುರುಳಿಯೊಂದನ್ನು ಮುಟ್ಟಿ ತೋರಿಸಿ ಅವರೆಂದರು:

"ಇದು ಅಪ್ಪನ ಕಾಲದ್ದು. ಕುಗ್ಗಿ ಹೋಗಿದೆ, ಕೊಂಡಿಗೆ ಎಟಕಲ್ಲ. ಇದನ್ನ ನೋಡ್ಕೊಂಡು ಲಾರಿಗೆ ಹೊಸದೊಂದು ಹೊಲಿದುಕೊಡಿ. ಹಳೇದನ್ನ ನಾನು ಜೋಪಾನವಾಗಿ ಇಟ್ಕೋತೀನಿ. ಆದ್ರೆ ಒಂದು ಮಾತು. ಇದರದ್ದು ಒಂದು ಹೊಲಿಗೆಯನ್ನೂ ಬಿಚ್ಚಬಾರದು."

"ಬಿಚ್ಚಲ್ಲ ಟೀಚರಮ್ಮ."

"ನಿಮ್ಮ ಹತ್ರ ಕೊಟ್ಟಿದೀನಿ ಅಂದ್ಮೇಲೆ ನನಗೆ ಯೋಚನೆ ಇಲ್ಲ," ಎಂದು ಹೇಳಿ ಅವರು ಹೊರಟುಹೋದರು. ಊರಿನಲ್ಲಿ ಅವನಿಗೆ ಬಹುವಚನ ಕೊಡುತ್ತಿದ್ದವರು ಅವರೊಬ್ಬರೇ.

ಸುರುಳಿ ಬಿಚ್ಚಿ ಶೆಡ್ಡಿನ ತೊಲೆಗೆ ತೂಗುಹಾಕಿದಾಗ ಅವನು ಒಳಮೈ ನೋಡಿದ. ನೋಡಿ, ಕೆಳಗೆ ಕುಳಿತುಬಿಟ್ಟ. ಎರಡೂ ಬದಿಯಲ್ಲಿ, ಹಲಗೆಯ ಮೇಲೆ ಮಲಗಿದವನ ತಲೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದಲ್ಲಿ, ಹೆಸರುಗಳಿದ್ದವು. ಒದ್ದೆಯಾದರೆ ನೇರಳೆಗೆ ತಿರುಗುವ ಹಳೆಯ ಕಾಲದ ಪೆನ್ಸಿಲ್ಲಿನಲ್ಲಿ ಬರೆದವು. ಗಾಯಗೊಂಡ ಸೈನಿಕರನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದ ಲಾರಿ ಅದು. ಕಲ್ಲು, ಗುಂಡಿಗಳ ದಾರಿಯಲ್ಲಿ ಅವರಿಗೆ ಜೊಂಪು ಹತ್ತಿದರೆ ಮತ್ತೆ ಏಳುವುದಿಲ್ಲವೆಂಬ ಭಯಕ್ಕೆ ಡ್ರೈವರು ಪೆನ್ಸಿಲನ್ನು ಹಿಂದಕ್ಕೆ ಎಸೆದು, 'ನಿದ್ದೆ ಮಾಡ್ಬೇಡಿ, ಹೆಸರು ಬರೀರಿ' ಎಂದು ಕೂಗುತ್ತಿದ್ದರಂತೆ. ಈ ಸಂಗತಿಯನ್ನು ಹೆಂಡತಿ ಅವನಿಗೆ ಎಂದೋ ಹೇಳಿದ್ದಳು; ಟೀಚರಮ್ಮ ಕ್ಲಾಸಿನಲ್ಲಿ ಹೇಳುತ್ತಿದ್ದ ಕತೆ ಅದು. ಕತೆಯೆಂದೇ ಅವನು ಅಂದುಕೊಂಡಿದ್ದ. ಎಣಿಸಿದ. ಹದಿನೇಳು.

ಮೊದಲ ಹೊತ್ತು ಅವನಿಗೆ ಬಂದದ್ದು ದುಃಖವೇ. ಅದು ಅವನ ಪರವಾಗಿ ಹೇಳಬಹುದಾದ ಮಾತು. ಎರಡನೆಯ ಹೊತ್ತಿಗೆ ಸಾಹೇಬರ ಹಿತ್ತಾಳೆ ನೆನಪಾಯಿತು.

ಹೊಸ ಹೊದಿಕೆ ಹೊಲಿಯುವುದು ನೆಪ. ಅದರ ಜೊತೆಗೆ ಇನ್ನೊಂದನ್ನು ಹೊಲಿಯಬೇಕು. ಆ ಇನ್ನೊಂದು ಹಳೆಯದಾಗಬೇಕು, ಟೀಚರಮ್ಮನ ಕೈಗೆ ಹೋಗಬೇಕು. ಅಸಲಿಯು ಸಾಹೇಬರ ಕೈಗೆ. ಸಾಹೇಬರಿಗೆ ವಿಷಯ ತಿಳಿಸಿದಾಗ ಅವರು ಯಾರದ್ದು ಎಂದು ಕೇಳಲಿಲ್ಲ. ಕೇಳದಿರುವುದೂ ಒಂದು ವಿದ್ಯೆ, ದೊಡ್ಡವರಿಗೆ ಅದು ಚೆನ್ನಾಗಿ ಬರುತ್ತದೆ. "ಸದ್ಯಕ್ಕೆ ಒಳಗಡೆ ರೂಮಲ್ಲಿ ಇಟ್ಕೋತೀನಿ. ಜನಕ್ಕೆ ತೋರಿಸೋದಕ್ಕೆ ಅವಸರ ಇಲ್ಲ. ವಯಸ್ಸಾದೋರು ಇನ್ನೆಷ್ಟು ವರ್ಷ ಇರ್ತಾರೆ?" ಎಂದಷ್ಟೇ ಅಂದರು. ಅವನು ಹೌದೆಂದು ತಲೆಯಾಡಿಸಿದ. ಮನೆಗೆ ಬರುವ ದಾರಿಯಲ್ಲಿ, ತಾನು ತಲೆಯಾಡಿಸಿದ್ದು ಯಾರ ಸಾವಿಗೆ ಎಂದು ಹೊಳೆದು, ಕತ್ತಿನವರೆಗೆ ಬಿಸಿಯಾಯಿತು. ಆದರೂ ಹಿಂದಿರುಗಲಿಲ್ಲ.

ಕೆಲಸಕ್ಕೆ ಕೂತರೆ ನಾಚಿಕೆ ದೂರವಾಗುತ್ತಿತ್ತು. ಅದಕ್ಕೇ ಅವನು ಕೆಲಸವನ್ನು ಬಿಟ್ಟೇಳುತ್ತಿರಲಿಲ್ಲ. ಎರಡನೆಯದನ್ನು ಅವನು ಮನಸ್ಸಿನಲ್ಲೂ ನಕಲು ಎನ್ನಲಿಲ್ಲ. ಜೋಡಿ ಎಂದು ಕರೆದ. ಜೋಡಿಗೆ ಹೊಸ ಬಟ್ಟೆ ಆಗುವುದಿಲ್ಲ. ಅಟ್ಟದಲ್ಲಿ ಯಾವುದೋ ಹಳೆಯ ಡೇರೆಯ ಹತ್ತಿ ಕ್ಯಾನ್ವಾಸಿತ್ತು, ಅದೇ ತೂಕ, ಅದೇ ನೇಯ್ಗೆ. ಎಂದಾದರೂ ಬೇಕಾಗುತ್ತದೆಂದು ಹದಿನೈದು ವರ್ಷದಿಂದ ಎತ್ತಿಟ್ಟದ್ದು. ನೈಲಾನ್ ದಾರ ಮುಟ್ಟಲಿಲ್ಲ, ಹತ್ತಿಯ ದಾರಕ್ಕೇ ಮೇಣ ಹಚ್ಚಿದ. ಅಸಲಿಯ ಹೊಲಿಗೆ ಇಂಚಿಗೆ ಏಳು. ಒಂದು ಕಡೆ ಒಂದು ಗೇಣಿನಷ್ಟು ದೂರ ಯಂತ್ರದ ದಾರ ಸಡಿಲಾಗಿ ಹೊಲಿಗೆ ಜೋಲು ಬಿದ್ದಿತ್ತು. ಜೋಡಿಯಲ್ಲೂ ಅದೇ ಜಾಗದಲ್ಲಿ ಗೇಣಿನಷ್ಟು ಜೋಲು ಬೀಳಿಸಿದ. ಅಸಲಿ ಎಷ್ಟು ಕುಗ್ಗಿತ್ತೋ ಅಷ್ಟನ್ನೂ ಲೆಕ್ಕ ಹಿಡಿದು ಕತ್ತರಿಸಿದ. ಲಾರಿಗೆ ಹಾಕಿ ನೋಡಿದರೆ ಜೋಡಿಯೂ ಕೊಂಡಿಗೆ ಎಟಕಬಾರದು. ಅಷ್ಟು ದೂರ ಯೋಚಿಸಿದ್ದ.

ಮುಪ್ಪು ತರುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ದೊಡ್ಡ ಹಂಡೆಯಲ್ಲಿ ಟೀ ಸೊಪ್ಪು, ತುಕ್ಕಿನ ಮೊಳೆ ಹಾಕಿ ಕುದಿಸಿದ ನೀರಿನಲ್ಲಿ ಎರಡು ಸಲ ಅದ್ದಿದ. ತಗಡಿನ ಮಾಡಿನ ಮೇಲೆ ಮೂರು ವಾರ ಬಿಸಿಲಿಗೆ ಹಾಸಿ, ದಿನಕ್ಕೆರಡು ಸಲ ಮಗ್ಗುಲು ಬದಲಿಸಿದ. ಎಳೆಗೂಸನ್ನು ಕೂಡ ಹಾಗೆ ನೋಡಿಕೊಳ್ಳುವವರು ಕಡಿಮೆ. ಮಡಿಕೆಗಳನ್ನು ಇಟ್ಟಿಗೆಯಿಂದ ತಿಕ್ಕಿ ಬಿಳಿಚಿಸಿದ. ಹಗ್ಗ ಪೋಣಿಸುವ ಹಿತ್ತಾಳೆ ಕಣ್ಣುಗಳನ್ನು ಗುಜರಿಯಿಂದ ತಂದು ಉಪ್ಪಿನ ಮಣ್ಣಿನಲ್ಲಿ ಹೂತು ಹಸಿರುಗಟ್ಟಿಸಿದ. ಗ್ಯಾರೇಜಿನಲ್ಲಿ ಡೀಸೆಲ್ ಗಾಡಿಯ ಹೊಗೆಕೊಳವೆಯ ಹಿಂದೆ ಒಂದು ಮಧ್ಯಾಹ್ನವಿಡೀ ತೂಗುಹಾಕಿದ. ಕೊನೆಗೆ ಅಸಲಿಯನ್ನೂ ಜೋಡಿಯನ್ನೂ ಒಂದರೊಳಗೊಂದು ಮಡಿಸಿ ಹಳೆಯ ಪೆಟ್ಟಿಗೆಯಲ್ಲಿ ಹತ್ತು ದಿನ ಮುಚ್ಚಿಟ್ಟ. ತೆಗೆದಾಗ ಎರಡಕ್ಕೂ ಒಂದೇ ವಾಸನೆ.

ಡ್ರೈವರು ತಾವೇ ಹಾಕಿದ್ದ ಒಂಬತ್ತು ತೇಪೆಗಳು ಅಸಲಿಯಲ್ಲಿದ್ದವು, ನೀರು ಇಳಿಯದ ಹಾಗೆ ಒಳಗೊಂದು ಹೊರಗೊಂದು ಬಟ್ಟೆಯಿಟ್ಟು ಹೊಲಿದವು. ಸ್ಟಿಯರಿಂಗ್ ಹಿಡಿಯುವ ಕೈಯ ಒರಟು ಹೊಲಿಗೆ. ಅಷ್ಟು ಕೆಟ್ಟದಾಗಿ ಹೊಲಿಯುವುದು ತನ್ನ ಬಲಗೈಗೆ ಬಾರದೆಂದು ಅವನು ಎಡಗೈಯಲ್ಲಿ ಹೊಲಿದ. ತೇಪೆ ಹಾಕುವ ಮೊದಲು, ಯಾರೂ ನೋಡದ ಆ ಜಾಗದಲ್ಲಿ, ಒಂಬತ್ತು ತೂತುಗಳನ್ನೂ ಮಾಡಿದ. ಕೆಲಸ ಎಂದ ಮೇಲೆ ಕೆಲಸ. ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ತೂಗುಹಾಕಿ ಹಿಂದೆ ಸರಿದು ನಿಂತ. ತನಗೇ ಗುರುತು ಹತ್ತಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆಂದದ ಕೆಲಸವನ್ನು ಅವನು ಮಾಡಿರಲಿಲ್ಲ. ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಹೆಸರುಗಳಷ್ಟೇ ಬಾಕಿ ಇದ್ದವು. ಅವನ್ನು ಅವನು ಮುಂದೂಡುತ್ತ ಬಂದಿದ್ದ.

ಆ ಜಾತಿಯ ಪೆನ್ಸಿಲು ಹಳೆಯ ಅಂಗಡಿಯೊಂದರಲ್ಲಿ ಸಿಕ್ಕಿತ್ತು. ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯಬೇಕು. ಮೊದಲನೆಯದು ದುಂಡಗಿನ ಕೈಬರಹ, ಶಾಲೆಯಲ್ಲಿ ಬಹುಮಾನ ಪಡೆದವನದ್ದಿರಬೇಕು. ಅದು ಸಲೀಸಾಗಿ ಬಂತು. ಎರಡನೆಯವನಿಗೆ ಲಾರಿ ಕುಲುಕಿದಾಗಲೆಲ್ಲ ಅಕ್ಷರ ಹಾರಿತ್ತು. ಅವನೂ ಕೈ ಹಾರಿಸಿದ. ಐದನೆಯವನು ಹೆಸರೇ ಬರೆದಿರಲಿಲ್ಲ, 'ಅಡುಗೆಯವ' ಎಂದಷ್ಟೇ ಬರೆದಿದ್ದ. ತನ್ನ ಹಾಗೆ ಇವನನ್ನೂ ಯಾರೂ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ ಎನ್ನಿಸಿತು. ಒಂಬತ್ತನೆಯವನು ಹೆಸರಿನ ಮುಂದೆ ಊರು ಬರೆದು, ಊರಿನ ಮುಂದೆ ಮನೆಯ ಗುರುತು ಬರೆದಿದ್ದ: ಬಾವಿಯ ಎದುರಿನ ಮನೆ. ಯಾರಾದರೂ ಹೋಗಿ ಹೇಳಲಿ ಎಂದು. ಹನ್ನೆರಡನೆಯ ಹೆಸರು ಅರ್ಧಕ್ಕೆ ನಿಂತಿತ್ತು. ಪೆನ್ಸಿಲಿನ ಗೆರೆ ಕೊನೆಯ ಅಕ್ಷರದಿಂದ ಜಾರಿ ಕೆಳಗಿನವರೆಗೂ ಹೋಗಿತ್ತು. ಆ ಜಾರಿದ ಗೆರೆಯನ್ನು ಹಾಗೇ ಎಳೆಯಬೇಕು, ಅದೇ ಉದ್ದಕ್ಕೆ, ಅದೇ ಓರೆಗೆ. ಅವನು ಪೆನ್ಸಿಲ್ ಹಿಡಿದುಕೊಂಡು ಸುಮಾರು ಹೊತ್ತು ಕೂತ. ಬಾಯೊಳಗೆ ಪೆನ್ಸಿಲಿನ ಕಹಿ. ಆಮೇಲೆ ಗೆರೆ ಎಳೆದ. ಹೆತ್ತವರೂ ಕಾಣದ ಸಾವನ್ನು ತಾನು ಕೂತು ಅಭ್ಯಾಸ ಮಾಡುತ್ತಿದ್ದೇನೆ ಎನ್ನಿಸಿ, ಅವನಿಗೆ ತನ್ನ ಕೈಯನ್ನೇ ನೋಡಲು ನಾಚಿಕೆಯಾಯಿತು.

ಹದಿನೇಳೂ ಮುಗಿದಾಗ ಬಾಗಿಲಲ್ಲಿ ಹೆಂಡತಿ ಟೀ ಹಿಡಿದು ನಿಂತಿದ್ದಳು.

"ಏನ್ರೀ ಇದು, ನಾಲಿಗೆ ಎಲ್ಲ ನೇರಳೆ?" ಎಂದವಳು, ತೂಗುಹಾಕಿದ ಎರಡನ್ನೂ ಒಂದೊಂದಾಗಿ ನೋಡಿದಳು.

ಇದಕ್ಕೂ ಅವನು ಸಿದ್ಧನಿದ್ದ. "ಮ್ಯೂಸಿಯಮ್ಮಿಗೆ ಅಂತ ಒಂದು ಪ್ರತಿ ಮಾಡ್ತಿದೀನಿ. ಹೆಸರು ಎಲ್ರೂ ನೋಡ್ಲಿ ಅಂತ."

"ಟೀಚರಮ್ಮನಿಗೆ ಗೊತ್ತಾ?"

"ಆಮೇಲೆ ಹೇಳೋಣ ಅಂತ. ಅವರಿಗೆ ಖುಷಿ ಆಗ್ಲಿ. ನೀನು ಬಾಯಿ ಬಿಡ್ಬೇಡ."

ಅವಳು ಲೋಟವನ್ನು ಕೆಳಗಿಟ್ಟು ಹತ್ತಿರ ಬಂದಳು. ಒಂದೊಂದೇ ಹೆಸರನ್ನು ಸಣ್ಣ ದನಿಯಲ್ಲಿ ಓದುತ್ತ ಹೋದಳು. ಓದುತ್ತಿದ್ದದ್ದು ಜೋಡಿಯನ್ನು. ಹನ್ನೆರಡನೆಯದರ ಹತ್ತಿರ ನಿಂತಳು. "ಪಾಪ, ಯಾರ ಮಗನೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ಅಳಿಸಿದ್ದು ಸೈನಿಕನ ಗೆರೆಯಲ್ಲ, ಇವನೇ ಎಳೆದ ಗೆರೆ. ಒಣಗಿ ಕಾಲು ಗಂಟೆಯೂ ಆಗಿರಲಿಲ್ಲ. ಹೆಂಡತಿಯ ಕಣ್ಣೀರಿನಲ್ಲಿ ತನ್ನ ಕೆಲಸ ಪಾಸಾಯಿತು ಎಂಬ ಯೋಚನೆ ಮೊದಲು ಬಂತು. ಅದು ಬಂದದ್ದಕ್ಕೆ ಆದ ಅಸಹ್ಯ ಆಮೇಲೆ. "ದೊಡ್ಡ ಮನಸ್ಸು ಬಿಡಿ ನಿಮ್ದು," ಎಂದು ಅವಳು ಹೊರಗೆ ಹೋದಳು. ಟೀ ಆರಿತು.

ಅಸಲಿಯನ್ನು ಸಾಹೇಬರ ಗಾಡಿ ಒಂದು ಬೆಳಿಗ್ಗೆ ಬಂದು ಒಯ್ದಿತು. ಸಾಹೇಬರು ಮಾತಿಗೆ ತಪ್ಪುವವರಲ್ಲ. ವಾರದೊಳಗೆ ಹಿತ್ತಾಳೆ ಫಲಕ ಬಂತು. ಮ್ಯೂಸಿಯಮ್ಮಿನ ಬಾಗಿಲ ಬಲಗಡೆ, ಎದೆಯ ಎತ್ತರಕ್ಕೆ, 'ಹೊದಿಕೆಗಳ ನಿರ್ಮಾಣ' ಎಂದು, ಅದರ ಕೆಳಗೆ ಅವನ ಪೂರ್ತಿ ಹೆಸರು. ಅವನು ಒಬ್ಬನೇ ಹೋಗಿ ನೋಡಿದ. ಅಕ್ಷರಗಳನ್ನು ಬೆರಳಿನಿಂದ ಸವರಿದ. ತಣ್ಣಗಿದ್ದವು. ಅವನು ಎಷ್ಟು ವರ್ಷ ಬಯಸಿದ್ದನೋ ಅಷ್ಟೂ ವರ್ಷದ ಸಂತೋಷ ಈಗ ಬರಬೇಕಿತ್ತು. ಕಾದು ನಿಂತ, ಬರಲಿಲ್ಲ. ಒಳಗಿನ ಬೀಗ ಹಾಕಿದ ರೂಮಿನಲ್ಲಿ ಹದಿನೇಳು ಜನ ಮಲಗಿದ್ದಾರೆ, ತಾನು ಅವರ ಮೇಲೆ ಬಾಗಿಲು ಹಾಕಿ ಹೊರಗಡೆ ತನ್ನ ಹೆಸರು ಬರೆಸಿಕೊಂಡಿದ್ದೇನೆ ಎನ್ನಿಸಿತು. ಹೆಂಡತಿಗೆ ಫಲಕದ ವಿಷಯ ಹೇಳಲಿಲ್ಲ. ತೋರಿಸಲೆಂದೇ ಬೇಕಾಗಿದ್ದ ಫಲಕವನ್ನು ಅವಳಿಗೇ ತೋರಿಸಲಾಗದೆ ಹೋಯಿತು.

ಜೋಡಿಯನ್ನು ಟೀಚರಮ್ಮನ ಮನೆಗೆ ತಾನೇ ಒಯ್ದ. ಈ ಘಳಿಗೆಯನ್ನು ಅವನು ನೂರು ಸಲ ಮನಸ್ಸಿನಲ್ಲಿ ಆಡಿ ನೋಡಿದ್ದ. ಅವರಿಗೆ ಕಣ್ಣಿನ ಆಪರೇಷನ್ ಆಗಿದೆ, ಆದರೆ ಬೆರಳು ಚುರುಕು. ಸಂಶಯ ಬಂದರೆ ಬೆರಳಿಗೇ ಬರಬೇಕು. ಅವರು ನಡುಮನೆಯಲ್ಲಿ ಸುರುಳಿಯನ್ನು ಬಿಚ್ಚಿಸಿ, ಮಂಡಿಯೂರಿ ಕೂತು, ಜೋಲು ಬಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬಗ್ಗಿ ಮೂಸಿದರು.

"ಅಪ್ಪನ ವಾಸನೆ," ಎಂದರು ಟೀಚರಮ್ಮ. "ನಿಮ್ಮ ಶೆಡ್ಡಲ್ಲಿ ಇಷ್ಟು ದಿನ ಇದ್ದೂ ಹೋಗಿಲ್ಲ ನೋಡಿ. ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ ತಾನೇ?"

"ಇಲ್ಲ ಟೀಚರಮ್ಮ, ನಿಮ್ಮಾಣೆ."

ಅದೊಂದು ನಿಜ. ಅಸಲಿಯಲ್ಲಿ ಅವನು ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ. ಬಾಗಿಲು ದಾಟುವಾಗ ಆ ಒಂದು ನಿಜವನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಲಾರಿ ರಸ್ತೆಗಿಳಿಯುವ ದಿನ ಟೀಚರಮ್ಮ ಕೆಲವರನ್ನು ಕರೆದರು. ಮೆಕ್ಯಾನಿಕ್ಕು, ಬಡಗಿ, ಅಕ್ಕಪಕ್ಕದವರು, ಒಂದಷ್ಟು ಹಳೆಯ ವಿದ್ಯಾರ್ಥಿಗಳು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಅವನು ಹೋದ. ಹೆಂಡತಿ ಒಳ್ಳೆಯ ಸೀರೆ ಉಟ್ಟು ಜೊತೆಗೆ ಬಂದಳು. ಅವನ ಕೆಲಸದ ಚೀಲವನ್ನೂ ಎತ್ತಿಕೊಂಡಿದ್ದಳು. ಹಗ್ಗ ಬಿಗಿಯುವಾಗ ಏನಾದರೂ ಬೇಕಾದೀತೆಂದು. ಬಿಸಿಲು ಹಿತವಾಗಿತ್ತು. ಹೊಸ ಹೊದಿಕೆಯನ್ನು ಕಮಾನುಗಳ ಮೇಲೆ ಎಳೆದು, ಹಗ್ಗ ಬಿಗಿದು, ಕೊಂಡಿಗೆ ಸಿಕ್ಕಿಸಿದಾಗ ಅದು ಡೋಲಿನ ಚರ್ಮದ ಹಾಗೆ ಕೂತಿತು. ಮೆಕ್ಯಾನಿಕ್ಕು ಕೂಡ, "ಭಲೇ ದಬ್ಬಳ!" ಎಂದ.

"ಅವರಿಗೆ ಹೆಸರಿಲ್ವೇನೋ?" ಎಂದು ಟೀಚರಮ್ಮ ಮೆಕ್ಯಾನಿಕ್ಕಿನ ಕಿವಿ ಹಿಂಡುವ ದನಿಯಲ್ಲಿ ಕೇಳಿದರು. ಅವನೂ ಅವರ ಹಳೆಯ ವಿದ್ಯಾರ್ಥಿಯೇ. ಎಲ್ಲರೂ ನಕ್ಕರು. ಆಮೇಲೆ ಅವರು ಎಲ್ಲರನ್ನೂ ಲಾರಿಯ ಹಿಂದಕ್ಕೆ ಕರೆದುಕೊಂಡು ಹೋದರು. ಹಿಂಬದಿಯ ಮರದ ಹಲಗೆಯ ಮೇಲೆ ಬಿಳಿಯ ಬಣ್ಣದಲ್ಲಿ ಕೆಲಸ ಮಾಡಿದವರ ಹೆಸರು ಬರೆಸಿದ್ದರು. ಎಲ್ಲಕ್ಕಿಂತ ಮೇಲೆ, ಮೆಕ್ಯಾನಿಕ್ಕಿಗಿಂತ ಮೇಲೆ, ಹೊದಿಕೆ. ಅದರ ಮುಂದೆ ಅವನ ಪೂರ್ತಿ ಹೆಸರು, ತಂದೆಯ ಹೆಸರಿನ ಮೊದಲಕ್ಷರದ ಸಮೇತ. "ಇವರ ಹತ್ರ ಕೊಡೋವಾಗ್ಲೇ ಪೇಂಟರಿಗೆ ಹೇಳಿಟ್ಟಿದ್ದೆ," ಎಂದರು ಟೀಚರಮ್ಮ.

ಹೆಂಡತಿ ಅವನ ತೋಳು ಹಿಡಿದು ಅಮುಕಿದಳು. ಅವಳ ಮುಖ ಅರಳಿತ್ತು. ಅವನು ನೆಲ ನೋಡುತ್ತ ನಿಂತ. ಕದಿಯದೆಯೂ ಸಿಗುತ್ತಿತ್ತು. ಸುಮ್ಮನೆ ಹೊಲಿದುಕೊಟ್ಟು ಸುಮ್ಮನೆ ಕಾದಿದ್ದರೆ ಇದೇ ಹಲಗೆಯ ಮೇಲೆ, ಇದೇ ಬಿಳಿ ಬಣ್ಣದಲ್ಲಿ ಸಿಗುತ್ತಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡ. ಜನ ಅದನ್ನು ಸಂಕೋಚ ಎಂದು ತಿಳಿದು ಚಪ್ಪಾಳೆ ತಟ್ಟಿದರು.

ಅಂಗಳದ ಉದ್ದನೆಯ ಮೇಜಿನ ಮೇಲೆ ಹಳೆಯ ಹೊದಿಕೆಯನ್ನು ಒಳಮೈ ಮೇಲಾಗಿ ಹಾಸಿದ್ದರು. ಅದರ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಎರಡು ಬಸ್ಸು ಬದಲಿಸಿ ಬಂದ ದಣಿವು ಮುಖದಲ್ಲಿತ್ತು. ಟೀಚರಮ್ಮ ಅವಳನ್ನು ಎಲ್ಲರಿಗೂ ಪರಿಚಯಿಸಿದರು. ಆ ಲಾರಿಯಲ್ಲಿ ಮಲಗಿ ಬಂದ ಒಬ್ಬ ಸೈನಿಕನ ಮಗಳು. ತಂದೆ ಯುದ್ಧಕ್ಕೆ ಹೊರಟಾಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದವಳು. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ, ಒಂದು ಕಾಗದವಿಲ್ಲ. ಟೀಚರಮ್ಮ ತಮ್ಮ ತಂದೆ ಹೇಳಿದ್ದ ಹೆಸರು ಹಿಡಿದು ಎಷ್ಟೋ ವರ್ಷದಿಂದ ಊರೂರಿಗೆ ಪತ್ರ ಬರೆದು, ಕಳೆದ ತಿಂಗಳಷ್ಟೇ ಅವಳನ್ನು ಪತ್ತೆ ಮಾಡಿದ್ದರು.

"ಅಪ್ಪನ ಕೈಬರಹ ಹೇಗಿತ್ತು ಅಂತ ನೋಡ್ಬೇಕು ಅಷ್ಟೇ," ಎಂದಳು ಮುದುಕಿ. "ಒಂದು ಸಲ ಮುಟ್ಟಿ ನೋಡಿ ಹೋಗ್ತೀನಿ ತಾಯಿ. ಇನ್ನೇನೂ ಬೇಡ."

ಅವಳು ಮುಟ್ಟಲು ಹೊರಟಿರುವುದು ತನ್ನ ಕೈಬರಹವನ್ನು ಎಂದು ಅವನಿಗೆ ಗೊತ್ತಿತ್ತು. ಆದರೆ ಭಯವಾಗಲಿಲ್ಲ. ಹದಿನೇಳರಲ್ಲಿ ಯಾವುದಾದರೂ ಆಗಲಿ, ಪ್ರತಿಯೊಂದು ಅಕ್ಷರದ ಬಾಗು ಬಳುಕು ಅಲ್ಲಿತ್ತು. ಅವಳಪ್ಪ ಬರೆದ ಹಾಗೇ ಇತ್ತು. ನೋಡಿ ಸಮಾಧಾನ ಪಟ್ಟುಕೊಂಡು ಹೋಗುತ್ತಾಳೆ, ಇಂಥ ಸಮಾಧಾನ ಅಸಲಿಯೋ ಅಲ್ಲವೋ ಯಾರು ಕೇಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಬಾವಿಯ ಎದುರಿನ ಮನೆಯವನೋ, ಅರ್ಧಕ್ಕೆ ನಿಂತವನೋ ಎಂದು ಮನಸ್ಸಿನಲ್ಲೇ ಹುಡುಕುತ್ತಲೂ ಇದ್ದ.

ಟೀಚರಮ್ಮ ಮುದುಕಿಯ ಕೈಯನ್ನು ಹಿಡಿದು ಹದಿನೇಳು ಹೆಸರುಗಳನ್ನೂ ದಾಟಿಸಿ, ಮೂಲೆಯಲ್ಲಿದ್ದ ಅಂಗೈಯಗಲದ ತೇಪೆಯೊಂದರ ಮೇಲೆ ಇಟ್ಟರು. "ಮಿಕ್ಕಿದ ತೇಪೆಯೆಲ್ಲ ತೂತಿಗೆ ಹಾಕಿದ್ದಮ್ಮ. ಇದರ ಕೆಳಗೆ ತೂತಿಲ್ಲ, ನಿಮ್ಮಪ್ಪ ಇದ್ದಾರೆ. ಹೆಸರು ಬರೆದು, ಹುಟ್ಟೋ ಮಗುವಿಗೆ ಅಂತ ಎರಡು ಸಾಲೂ ಬರೆದು, ಆಸ್ಪತ್ರೆ ಮುಟ್ಟೋ ಮೊದಲೇ ಹೋಗಿಬಿಟ್ರಂತೆ. ಮಳೆ ಬಿಸಿಲಿಗೆ ಅದು ಅಳಿಸಿ ಹೋಗ್ಬಾರ್ದು ಅಂತ ನಮ್ಮಪ್ಪ ಎರಡೂ ಕಡೆ ಬಟ್ಟೆ ಇಟ್ಟು ಹೊಲಿದ್ರು. ಅವರ ಮನೆಯೋರು ಬಂದ ದಿನ ಬಿಚ್ಚು, ಅಲ್ಲೀವರೆಗೂ ಯಾರಿಗೂ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಿದ್ರು. ನಾನೂ ನೋಡಿಲ್ಲ." ಶೆಡ್ಡಿನಲ್ಲಿ ಅಸಲಿಯ ಎಂಟು ತೇಪೆಗಳನ್ನು ಒತ್ತಿದಾಗ ದಬ್ಬಳನ ಬೆರಳಿಗೆ ಒಳಗಿನ ತೂತು ಸಿಕ್ಕಿತ್ತು, ಈ ಒಂದರಲ್ಲಿ ಮಾತ್ರ ಸಿಕ್ಕಿರಲಿಲ್ಲ. ಸಣ್ಣ ಸೀಳಿರಬೇಕು ಎಂದುಕೊಂಡಿದ್ದ, ತೇಪೆ ಎಂದ ಮೇಲೆ ಕೆಳಗೆ ಏನಾದರೂ ಹರಿದಿರಲೇಬೇಕಲ್ಲ. ಜೋಡಿಯ ಆ ಜಾಗವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಮುಚ್ಚಿದ್ದ. ಟೀಚರಮ್ಮ ಅವನ ಕಡೆ ತಿರುಗಿ, ಅವನ ಹೆಸರು ಹಿಡಿದು ಕರೆದರು. "ನನ್ನ ಕೈ ನಡುಗುತ್ತೆ. ಈಗ ಬಿಚ್ಚಬಹುದು. ನೀವೇ ಬಿಚ್ಚಿಕೊಡಿ." ಹೆಂಡತಿ ಚೀಲದಿಂದ ಸಣ್ಣ ಕತ್ತರಿಯನ್ನು ತೆಗೆದು, ಒರೆಸಿ, ಅವನ ಅಂಗೈಯಲ್ಲಿಟ್ಟಳು. ಮುದುಕಿ ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.